ಸೋರದ ಕೀಲು
(ಬಾನುಲಿ ಭಾಷಣ)

ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಅರಸರು, ಯುದ್ಧಗಳು, ಒಪ್ಪಂದಗಳು. ಯಂತ್ರಗಳ ಚರಿತ್ರೆಯನ್ನು ಬರೆಯುವವರೂ ಈ ಚಾಳಿಗೆ ಹೊರತಲ್ಲ. ಅವರ ಕಣ್ಣೆಲ್ಲ ಎಂಜಿನ್ನೆಂಬ ಅರಸನ ಮೇಲೆ. ಒಂದು ಯಂತ್ರದ ಬಲ ಇನ್ನೊಂದಕ್ಕೆ ದಾಟುವ ಜಾಗ, ಎರಡು ಕೊಳವೆಗಳು ಮುಖಕ್ಕೆ ಮುಖ ಕೊಟ್ಟು ಕೂಡುವ ಕೀಲು, ಇಂಥವಕ್ಕೆ ಚರಿತ್ರೆಯಲ್ಲಿ ಅಡಿಟಿಪ್ಪಣಿಯ ಸ್ಥಾನವೂ ದೊರೆಯುವುದು ಅಪರೂಪ. ಆದರೆ ಹೊಲದಲ್ಲಿ ಕೆಲಸ ನಿಲ್ಲುವುದು ಎಂಜಿನ್ನು ಕೆಟ್ಟು ಅಷ್ಟಲ್ಲ, ಕೀಲು ಕೆಟ್ಟು. ಕಬ್ಬನ್ನೋ ಗೊಬ್ಬರವನ್ನೋ ಮಣ್ಣನ್ನೋ ಹೇರಿಕೊಂಡು ಬಂದ ಟ್ರಾಕ್ಟರಿನ ಟ್ರೇಲರು ತನ್ನ ಹೊರೆಯನ್ನು ಸುರಿಯಲು ಮೂತಿಯೆತ್ತಿ ನಿಂತಿದೆ, ಹೊರೆಯೆಲ್ಲ ಜಾರಿ ಬಿದ್ದಿದೆ, ಆದರೆ ತೊಟ್ಟಿ ಮಾತ್ರ ಕೆಳಗಿಳಿಯಲೊಲ್ಲದು. ಎಂಜಿನ್ನು ಸರಿಯಾಗಿದೆ, ಪಂಪು ಸರಿಯಾಗಿದೆ, ಎಣ್ಣೆಯೂ ಸಾಕಷ್ಟಿದೆ. ತಪ್ಪಿರುವುದು ಟ್ರಾಕ್ಟರಿನ ಬೆನ್ನಿಗೂ ಟ್ರೇಲರಿಗೂ ನಡುವಣ ರಬ್ಬರು ಹೋಸಿನ ತುದಿಯಲ್ಲಿ, ಮುಷ್ಟಿಯೊಳಗೆ ಅಡಗುವ ಒಂದು ಕಪ್ಲಿಂಗಿನಲ್ಲಿ. ಆ ಕಪ್ಲಿಂಗಿನ ಪೂರ್ವೋತ್ತರವೇ ಈ ಹೊತ್ತಿನ ನನ್ನ ವಿಷಯ.

ನಮ್ಮ ಹಳೆಯ ಬೇಸಾಯದಲ್ಲಿ ಈ ಕೀಲಿನ ಕೆಲಸವನ್ನು ಮಿಣಿ ಮಾಡುತ್ತಿತ್ತು. ನೊಗವನ್ನೂ ನೇಗಿಲ ಈಸನ್ನೂ ಬಿಗಿಯುವ ಆ ತೊಗಲಿನ ಹಗ್ಗವನ್ನು ತುಸು ಹಿಂದೆ ಮುಂದೆ ಸರಿಸಿ ಕಟ್ಟಿದರೆ ಉಳುಮೆಯ ಆಳ ಬದಲಾಗುತ್ತಿತ್ತು. ಮಿಣಿ ಹರಿದರೆ ಇನ್ನೊಂದು ಮಿಣಿ. ಅದರಲ್ಲಿ ಸೋರುವಂಥದ್ದೇನೂ ಇರಲಿಲ್ಲ. ಬಲವನ್ನು ದ್ರವದ ಮೂಲಕ ಕಳುಹಿಸಬಹುದೆಂದು ಮನುಷ್ಯ ಕಂಡುಕೊಂಡ ದಿನದಿಂದ ಸೋರಿಕೆಯ ಚಿಂತೆ ಅವನ ಬೆನ್ನು ಹತ್ತಿತು.

ತತ್ತ್ವವನ್ನು ಹೇಳಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಕುಂದಿಲ್ಲದೆ ಹಬ್ಬುತ್ತದೆಂಬ ಮಾತು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಅಚ್ಚಾಗಿ ಹೊರಬಂದಿತು. ಒಂದು ಚದರ ಅಂಗುಲದ ಆಡುಬೆಣೆಯನ್ನು ಒಂದು ಮಣ ಭಾರದಿಂದ ಒತ್ತಿದರೆ, ಅದೇ ನೀರಿನ ಇನ್ನೊಂದು ಕೊನೆಯಲ್ಲಿರುವ ನೂರು ಚದರ ಅಂಗುಲದ ಆಡುಬೆಣೆ ನೂರು ಮಣವನ್ನು ಎತ್ತಬಲ್ಲುದು. ಚಿಕ್ಕದು ನೂರು ಅಂಗುಲ ಸರಿದಾಗ ದೊಡ್ಡದು ಒಂದಂಗುಲ ಸರಿಯುತ್ತದೆ, ಅಷ್ಟೆ. ಲೆಕ್ಕ ಇಷ್ಟು ಸುಲಭವಾಗಿದ್ದರೂ ಅದು ಯಂತ್ರವಾಗಿ ಬರಲು ನೂರಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಏಕೆಂದರೆ ಆಡುಬೆಣೆ ಆಡಬೇಕು, ಅದರ ಸುತ್ತ ನೀರು ಮಾತ್ರ ಜಿನುಗಬಾರದು. ಬಿಗಿಯಾಗಿ ಹೊಂದಿಸಿದರೆ ಆಡುವುದಿಲ್ಲ, ಸಡಿಲ ಬಿಟ್ಟರೆ ಸೋರುತ್ತದೆ.

ಈ ಗಂಟನ್ನು ಬಿಚ್ಚಿದ್ದು ಲಂಡನ್ನಿನ ಒಂದು ಕಾರ್ಖಾನೆ. ಅದರ ಒಡೆಯ ಜೋಸೆಫ್ ಬ್ರಾಮಾ. ನಮ್ಮ ಕಿವಿಗೆ ಬ್ರಹ್ಮನ ಹೆಸರಿನಂತೆ ಕೇಳಿಸುವ ಈತ 1748ರಲ್ಲಿ ಯಾರ್ಕ್‌ಷೈರಿನ ಒಬ್ಬ ರೈತನ ಮಗನಾಗಿ ಹುಟ್ಟಿದವನು. ಹುಡುಗನಾಗಿದ್ದಾಗ ಕಾಲಿಗೆ ಪೆಟ್ಟಾಗಿ ಬೇಸಾಯಕ್ಕೆ ಒದಗದೆ ಬಡಗಿಯ ಕೆಲಸಕ್ಕೆ ಹೋದ. ಆ ಪೆಟ್ಟು ಬೀಳದಿದ್ದರೆ ಅವನ ಹೆಸರನ್ನು ನಾವು ಕೇಳುತ್ತಿರಲಿಲ್ಲ. ಬಡಗಿ ಕೆಲಸದಿಂದ ಬೀಗದ ಕೆಲಸಕ್ಕೆ ಬಂದು, ತನ್ನ ಬೀಗವನ್ನು ಕೀಲಿಕೈಯಿಲ್ಲದೆ ತೆರೆಯಬಲ್ಲವರಿಗೆ 200 ಗಿನಿ ಬಹುಮಾನವೆಂದು ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ಫಲಕ ತೂಗುಹಾಕಿದ. ಆ ಫಲಕ ಅವನ ಕಾಲವನ್ನೂ ಮೀರಿ ತೂಗಾಡಿತು. 1851ರಲ್ಲಿ ಅಮೆರಿಕದ ಹಾಬ್ಸ್ ಎಂಬಾತ ಹದಿನಾರು ದಿನಗಳಲ್ಲಿ ಹಂಚಿ ಐವತ್ತೊಂದು ಗಂಟೆ ಹೆಣಗಿ ಅದನ್ನು ತೆರೆದ.

ಆ ಬೀಗದ ಬಿಡಿಭಾಗಗಳನ್ನು ಕರಾರುವಾಕ್ಕಾಗಿ ಕಡೆದುಕೊಡಲು ಬ್ರಾಮಾ ಕರೆಸಿಕೊಂಡವನು ಹೆನ್ರಿ ಮಾಡ್ಸ್‌ಲೆ. ಹನ್ನೆರಡನೆಯ ವಯಸ್ಸಿಗೇ ವುಲಿಚ್ಚಿನ ಮದ್ದಿನ ಕೊಠಡಿಯಲ್ಲಿ ತೋಟಾ ತುಂಬುತ್ತಿದ್ದ ಹುಡುಗ ಅವನು; ಬ್ರಾಮಾನಲ್ಲಿಗೆ ಬಂದಾಗ ಹದಿನೆಂಟು. 1795ರಲ್ಲಿ ಬ್ರಾಮಾ ತನ್ನ ಜಲಒತ್ತು ಯಂತ್ರಕ್ಕೆ ಪೇಟೆಂಟು ಪಡೆದ. ತತ್ತ್ವ ಸರಿಯಾಗಿದ್ದರೂ ಯಂತ್ರ ಸೋರುತ್ತಿತ್ತು. ಆಡುಬೆಣೆಯ ಸುತ್ತ ತುರುಕಿದ ಗಿಡಿಕನ್ನು ಬಿಗಿಮಾಡಿದಾಗ ನೀರು ನಿಲ್ಲುತ್ತಿತ್ತು, ಜೊತೆಗೆ ಆಡುಬೆಣೆಯೂ ನಿಲ್ಲುತ್ತಿತ್ತು. ಆಗ ಬಂದ ಉಪಾಯವಿದು: ತೊಗಲಿನ ಒಂದು ಪಟ್ಟಿಯನ್ನು ಬಟ್ಟಲಿನ ಅಂಚಿನಂತೆ ಮಡಿಸಿ, ಅದರ ಟೊಳ್ಳು ನೀರಿನ ಕಡೆಗಿರುವಂತೆ ಕೂಡಿಸುವುದು. ನೀರಿನ ಒತ್ತಡ ಏರಿದಷ್ಟೂ ತೊಗಲಿನ ತುಟಿ ಹಿಗ್ಗಿ ಆಡುಬೆಣೆಯನ್ನು ಅಪ್ಪುತ್ತದೆ. ಒತ್ತಡ ಇಳಿದರೆ ತಾನೂ ಸಡಿಲುತ್ತದೆ. ಸೋರಲು ಹವಣಿಸುವ ನೀರೇ ಸೋರಿಕೆಯ ಬಾಯನ್ನು ಮುಚ್ಚುತ್ತದೆ. ಯಂತ್ರವಿದ್ಯೆಯಲ್ಲಿ ಇದಕ್ಕಿಂತ ಅಂದವಾದ ಉಪಾಯಗಳು ನಾನು ಕಂಡಂತೆ ಬಹಳವಿಲ್ಲ.

ಇದು ಯಾರ ಬುದ್ಧಿ? ಪೇಟೆಂಟು ಬ್ರಾಮಾನ ಹೆಸರಿನಲ್ಲಿದೆ. ಆದರೆ ಸ್ಯಾಮ್ಯುಯೆಲ್ ಸ್ಮೈಲ್ಸ್ 1863ರಲ್ಲಿ ಪ್ರಕಟಿಸಿದ ಕುಶಲಕರ್ಮಿಗಳ ಚರಿತ್ರೆಯಲ್ಲಿ ಈ ತೊಗಲಿನ ಉಂಗುರವನ್ನು ಮಾಡ್ಸ್‌ಲೆಗೆ ಸಲ್ಲಿಸಿದ್ದಾನೆ. ಮಾಡ್ಸ್‌ಲೆಯ ಕೈಕೆಳಗೆ ದುಡಿದಿದ್ದ ಜೇಮ್ಸ್ ನ್ಯಾಸ್ಮಿತನ ಮಾತೂ ಅದೇ. ಶಿಷ್ಯರು ಗುರುವಿನ ಕೀರ್ತಿಯನ್ನು ಒಂದು ಕೈ ಹೆಚ್ಚಾಗಿ ಅಳೆಯುವುದುಂಟೆಂದು ತಳ್ಳಿಹಾಕಬಹುದಾದರೂ, ಬ್ರಾಮಾನ ಕಾರ್ಖಾನೆಯಲ್ಲಿ ಅತ್ಯಂತ ಸೂಕ್ಷ್ಮದ ಕೆಲಸವೆಲ್ಲ ಯಾರ ಕೈಯಿಂದ ಆಗುತ್ತಿತ್ತೆಂಬುದನ್ನು ನೆನೆದರೆ ನನಗೆ ಸ್ಮೈಲ್ಸನ ಮಾತೇ ಹೆಚ್ಚು ಒಪ್ಪಿತವಾಗುತ್ತದೆ. ವಾರಕ್ಕೆ ಮೂವತ್ತು ಷಿಲಿಂಗು ಪಡೆಯುತ್ತಿದ್ದ ಮಾಡ್ಸ್‌ಲೆ ಕೂಲಿ ಹೆಚ್ಚಿಸೆಂದು ಕೇಳಿದ, ಬ್ರಾಮಾ ಒಪ್ಪಲಿಲ್ಲ, 1797ರಲ್ಲಿ ಮಾಡ್ಸ್‌ಲೆ ಹೊರಬಿದ್ದು ತನ್ನದೇ ಕಾರ್ಖಾನೆ ತೆರೆದ. ಈ ಜಗಳದಿಂದ ಜಗತ್ತಿಗೆ ಲಾಭವೇ ಆಯಿತು. ಆ ಹೊಸ ಕಾರ್ಖಾನೆಗೆ ಮುಂದೆ ಬಂದು ಕೈ ಪಳಗಿಸಿಕೊಂಡವರಲ್ಲಿ ಜೋಸೆಫ್ ವಿಟ್‌ವರ್ತ್ ಒಬ್ಬ. ಅವನ ಮಾತು ಬಳಿಕ ಬರುತ್ತದೆ.

ಬ್ರಾಮಾನ ಕೊನೆಯೂ ನಮ್ಮ ವಿಷಯಕ್ಕೆ ಹೊರಗಲ್ಲ. ಜಲಒತ್ತು ಯಂತ್ರದಿಂದ ಮರಗಳನ್ನು ಬುಡಸಹಿತ ಕೀಳುವ ಕೆಲಸ ಹ್ಯಾಂಪ್‌ಷೈರಿನ ಹೋಲ್ಟ್ ಕಾಡಿನಲ್ಲಿ ನಡೆದಿತ್ತು. ಅದರ ಮೇಲ್ವಿಚಾರಣೆಗೆ ನಿಂತಾಗ ಹತ್ತಿದ ಶೀತ ಪುಪ್ಪುಸಕ್ಕೆ ಇಳಿದು 1814ರ ಡಿಸೆಂಬರಿನಲ್ಲಿ ಆತ ತೀರಿಕೊಂಡ. ಗೋದಾಮು ಕಾರ್ಖಾನೆಗಳನ್ನು ಬಿಟ್ಟು ಮಣ್ಣಿಗೆ ಇಳಿದ ದ್ರವಯಂತ್ರಗಳಲ್ಲಿ ಅದು ತೀರ ಮೊದಲಿನವುಗಳಲ್ಲಿ ಒಂದು.

ಮುಂದಿನ ನೂರು ವರ್ಷಗಳನ್ನು ಬೇಗ ದಾಟಬಹುದು. ನ್ಯೂಕಾಸಲಿನಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ 1846ರಲ್ಲಿ ನೀರಿನ ಒತ್ತಡದಿಂದ ಕ್ರೇನು ನಡೆಸಿದ. ಲಂಡನ್ನಿನಲ್ಲಿ 1883ರಿಂದ ಒಂದು ಕಂಪನಿ ಬೀದಿಯಡಿಯ ಕೊಳವೆಗಳಲ್ಲಿ ಒತ್ತಡದ ನೀರನ್ನು ಹರಿಸಿ, ನಾವು ವಿದ್ಯುತ್ತನ್ನು ಕೊಳ್ಳುವಂತೆ ಮನೆ ಮಳಿಗೆಗಳಿಗೆ ಬಲವನ್ನು ಮಾರುತ್ತಿತ್ತು. 1977ರವರೆಗೂ ಅದು ನಡೆಯಿತು. 1906ರಲ್ಲಿ ಅಮೆರಿಕದ ವರ್ಜೀನಿಯಾ ಎಂಬ ಯುದ್ಧನೌಕೆಯ ಫಿರಂಗಿಗಳನ್ನು ಎತ್ತಿಳಿಸಲು ನೀರಿನ ಬದಲು ಎಣ್ಣೆಯನ್ನು ಬಳಸಿದರು. ಎಣ್ಣೆ ತುಕ್ಕು ಹಿಡಿಸುವುದಿಲ್ಲ, ಹೆಪ್ಪುಗಟ್ಟುವುದಿಲ್ಲ, ತಾನು ಹರಿಯುವ ಯಂತ್ರವನ್ನು ತಾನೇ ನುಣುಪಾಗಿಡುತ್ತದೆ.

ಈ ನಡುವೆ ನಡೆದ ಒಂದು ಸಂಗತಿಯನ್ನು ಮಾತ್ರ ದಾಟಿ ಹೋಗಲಾರೆ. ವೇಲ್ಸಿನ ಮೆನಾಯ್ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ ಬ್ರಿಟಾನಿಯಾ ಸೇತುವೆಯನ್ನು ಕಟ್ಟುತ್ತಿದ್ದಾಗ, ಕಬ್ಬಿಣದ ಭಾರಿ ನಳಿಗೆಗಳನ್ನು ಜಲಒತ್ತು ಯಂತ್ರಗಳಿಂದ ಮೇಲೆತ್ತುತ್ತಿದ್ದರು. ನಳಿಗೆ ಮೇಲೇರಿದಂತೆಲ್ಲ ಅದರ ಅಡಿಗೆ ಬೆನ್ನುಬಿಡದೆ ಕಟ್ಟಡ ಕಟ್ಟುತ್ತ ಬರಬೇಕೆಂದು ಸ್ಟೀಫನ್‌ಸನ್ನನ ಹಟ. 1849ರ ಆಗಸ್ಟಿನಲ್ಲಿ ಒಂದು ದಿನ ಒತ್ತುಯಂತ್ರದ ತಳ ಸಿಡಿಯಿತು. ನಳಿಗೆ ಕೆಲವೇ ಅಂಗುಲ ಕುಸಿದು ಆಸರೆಯ ಮೇಲೆ ಕೂತಿತು. ಆಸರೆ ಇಲ್ಲದಿದ್ದರೆ ಅದು ಸಮುದ್ರದಲ್ಲಿರುತ್ತಿತ್ತು. ಎತ್ತಿದ ಟ್ರೇಲರಿನ ತೊಟ್ಟಿಯ ಅಡಿಯಲ್ಲಿ ತಲೆಯಿಟ್ಟು ಸೋರುವ ಹೋಸನ್ನು ನೋಡುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಆ ಇಟ್ಟಿಗೆಗಳ ನೆನಪು ಬರುತ್ತದೆ. ಆ ತೊಟ್ಟಿಯನ್ನು ಎತ್ತಿ ಹಿಡಿದಿರುವುದು ಒಂದು ಹೋಸಿನೊಳಗಿನ ಎಣ್ಣೆ. ಹೋಸು ಒಡೆದರೆ ಅದನ್ನು ತಡೆಯುವವರಿಲ್ಲ. ಗಟ್ಟಿಯಾದೊಂದು ತೊಲೆಯನ್ನು ಊರೆಗೊಡಲು ಎರಡು ನಿಮಿಷ ಸಾಕು.

ಟ್ರಾಕ್ಟರಿಗೆ ದ್ರವಬಲವನ್ನು ತಂದವನು ಹ್ಯಾರಿ ಫರ್ಗುಸನ್, 1884ರಲ್ಲಿ ಐರ್ಲೆಂಡಿನ ಡೌನ್ ಪ್ರಾಂತದಲ್ಲಿ ಹುಟ್ಟಿದ ಇನ್ನೊಬ್ಬ ರೈತನ ಮಗ. ಬೇಸಾಯದಲ್ಲಿ ಮನಸ್ಸಿಲ್ಲದೆ ಮೋಟಾರುಗಳ ಹಿಂದೆ ಬಿದ್ದು, 1909ರ ಕೊನೆಯ ದಿನ ತಾನೇ ಕಟ್ಟಿದ ವಿಮಾನದಲ್ಲಿ ಹಾರಿದವನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಅಭಾವ ತಲೆದೋರಿ, ದೇಶದ ಟ್ರಾಕ್ಟರುಗಳ ಕೆಲಸವನ್ನು ಸುಧಾರಿಸುವ ಹೊಣೆ 1917ರಲ್ಲಿ ಅವನ ಮೇಲೆ ಬಂದಿತು. ಊರೂರು ಸುತ್ತಿ ಅವನು ಕಂಡದ್ದು, ಟ್ರಾಕ್ಟರೆಂದರೆ ಎತ್ತಿನ ಜಾಗದಲ್ಲಿ ನಿಲ್ಲಿಸಿದ ಎಂಜಿನ್ನು, ಅದರ ಹಿಂದೆ ಸರಪಳಿಯಿಂದ ಎಳೆಯುವ ನೇಗಿಲು. ಎತ್ತಾದರೆ ನೇಗಿಲು ಕಲ್ಲಿಗೆ ಸಿಕ್ಕಾಗ ನಿಂತುಬಿಡುತ್ತದೆ. ಎಂಜಿನ್ನಿಗೆ ಆ ವಿವೇಕವಿಲ್ಲ. ನೇಗಿಲು ನಿಂತರೂ ಹಿಂಗಾಲಿಗಳು ತಿರುಗುತ್ತಲೇ ಇದ್ದು ಟ್ರಾಕ್ಟರಿನ ಮೂತಿ ಮೇಲೆದ್ದು ಅದು ಹಿಮ್ಮಗುಚಿ ಚಾಲಕನ ಮೇಲೆಯೇ ಬೀಳುತ್ತಿತ್ತು. ಹೀಗೆ ಸತ್ತವರುಂಟು.

ಫರ್ಗುಸನ್ ಮತ್ತು ಅವನ ಜೊತೆಗಾರ ವಿಲ್ಲೀ ಸ್ಯಾಂಡ್ಸ್ ಕೂಡಿ ನೇಗಿಲನ್ನು ಟ್ರಾಕ್ಟರಿನ ಅಂಗವನ್ನಾಗಿಯೇ ಮಾಡಿಬಿಟ್ಟರು. ಕೆಳಗೆ ಎರಡು ತೋಳು, ಮೇಲೆ ಒಂದು. ಮೂರು ಬಿಂದುಗಳಲ್ಲಿ ನೇಗಿಲು ತಗುಲುತ್ತದೆ. ನೇಗಿಲಿಗೆ ಮಣ್ಣಿನ ಅಡ್ಡಿ ಹೆಚ್ಚಿದರೆ ಮೇಲಿನ ತೋಳು ಮುಂದಕ್ಕೆ ಒತ್ತಿ ಒಂದು ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗು ಎಣ್ಣೆಯ ಕವಾಟವನ್ನು ತೆರೆಯುತ್ತದೆ. ಎಣ್ಣೆ ನೇಗಿಲನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಕಲ್ಲಿಗೆ ಬಡಿದರೆ ಅದೇ ತೋಳಿನ ನೂಕು ಮೂತಿಯನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ, ಟ್ರಾಕ್ಟರು ಹಿಂದಕ್ಕೆ ಮಗುಚುವುದಿಲ್ಲ. 1926ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. 1936ರಲ್ಲಿ ಡೇವಿಡ್ ಬ್ರೌನ್ ಕಂಪನಿಯೊಡನೆ ಕೂಡಿ ಮೊದಲ ಟ್ರಾಕ್ಟರು ಮಾರುಕಟ್ಟೆಗೆ ಬಂತು. 1938ರ ಶರತ್ಕಾಲದಲ್ಲಿ ಫರ್ಗುಸನ್ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನ ಮನೆಯಂಗಳದಲ್ಲಿ ತನ್ನ ಯಂತ್ರವನ್ನು ಉತ್ತು ತೋರಿಸಿದ. ಇಬ್ಬರೂ ಕೈಕುಲುಕಿದರು, ಕಾಗದ ಪತ್ರವೇನೂ ಇಲ್ಲ. ಆ ಕೈಕುಲುಕಿನ ಫಲವಾಗಿ ಮರುವರ್ಷ ಫೋರ್ಡ್ ಕಾರ್ಖಾನೆಯಿಂದ ಲಕ್ಷಗಟ್ಟಲೆ ಟ್ರಾಕ್ಟರುಗಳು ಹೊರಡಲು ತೊಡಗಿದವು. ಹೆನ್ರಿಯ ಮೊಮ್ಮಗ ಆ ಮಾತನ್ನು ಮುರಿದಾಗ ದಾವೆ ಹೂಡಿ, 1952ರಲ್ಲಿ ತೊಂಬತ್ತೆರಡೂವರೆ ಲಕ್ಷ ಡಾಲರು ಪಡೆದದ್ದೂ ಅಷ್ಟೇ ಪ್ರಸಿದ್ಧ. ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಅವನ ಬೂದುಬಣ್ಣದ ಪುಟ್ಟ ಟ್ರಾಕ್ಟರಿನ ಸಂಖ್ಯೆ ಐದು ಲಕ್ಷವನ್ನು ಮೀರಿತು. ಎವರೆಸ್ಟಿನ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದ್ದು ಅದೇ ಟ್ರಾಕ್ಟರಿನ ಮೇಲೆ. 1960ರಲ್ಲಿ ಮದರಾಸಿನಲ್ಲಿ ಮ್ಯಾಸಿ ಫರ್ಗುಸನ್ ಸಹಯೋಗದ ಟಾಫೆ ಕಂಪನಿ ಹುಟ್ಟಿತು. ಇಂದು ನಮ್ಮ ಹೊಲಗಳಲ್ಲಿ ಓಡಾಡುವ ಟ್ರಾಕ್ಟರು ಯಾವ ಹೆಸರಿನದಾದರೂ ಅದರ ಬೆನ್ನಿನ ಮೇಲೆ ಆ ಮೂರು ಬಿಂದುಗಳುಂಟು.

ಫರ್ಗುಸನ್ನನ ಜಾಣತನದ ಒಂದು ಮುಖವನ್ನು ಅವನ ಜೀವನಚರಿತ್ರೆಯ ರೋಚಕತೆಯಲ್ಲಿ ಮರೆಯುವುದುಂಟು. ಅವನ ಎಣ್ಣೆ ಹೊರಗೆ ಬರುವುದೇ ಇಲ್ಲ. ಪಂಪು, ಕವಾಟ, ಸಿಲಿಂಡರು ಎಲ್ಲವೂ ಟ್ರಾಕ್ಟರಿನ ಒಡಲೊಳಗೆ; ಹೊರಗೆ ಕಾಣುವುದು ಕಬ್ಬಿಣದ ತೋಳುಗಳು ಮಾತ್ರ. ಸೋರುವ ಕೀಲೇ ಇಲ್ಲ. ಆದರೆ ಅಮೆರಿಕದ ಬಯಲುಗಳಲ್ಲಿ ಬಳಸುತ್ತಿದ್ದ ಅಗಲವಾದ ಡಿಸ್ಕುಗಳು, ಚಕ್ರವಿರುವ ಭಾರಿ ನೇಗಿಲುಗಳು ಟ್ರಾಕ್ಟರಿನ ಬೆನ್ನಿನ ಮೇಲೆ ಹೊರುವಂಥವಲ್ಲ. ಅವು ಹಿಂದೆ ತೆವಳಿ ಬರಬೇಕು, ಅವುಗಳ ಮೇಲೆಯೇ ಸಿಲಿಂಡರು ಇರಬೇಕು. ಜಾನ್ ಡಿಯರ್ ಕಂಪನಿ 1945ರಲ್ಲಿ ಇಂಥ ದೂರದ ಸಿಲಿಂಡರಿಗೆ ಎಣ್ಣೆ ಕಳುಹಿಸುವ ಏರ್ಪಾಡನ್ನು ತನ್ನ ಟ್ರಾಕ್ಟರುಗಳಲ್ಲಿ ತಂದಿತು. ಆಗ ಎಣ್ಣೆ ಹೊಸಿಲು ದಾಟಿತು. ಬಾಗುವ ಹೋಸು ಬೇಕಾಯಿತು. ಬೆಳಗ್ಗೆ ತಗುಲಿಸಿ ಸಂಜೆ ಕಳಚುವ ಕಪ್ಲಿಂಗು ಬೇಕಾಯಿತು. ನಮ್ಮ ಸುರಿಯುವ ಟ್ರೇಲರಿನ ಸಿಲಿಂಡರೂ ಇದೇ ವಂಶದ್ದು.

ಹೋಸೆಂದರೆ ಬರಿಯ ರಬ್ಬರಲ್ಲ. ಒಳಗೊಂದು ನುಣುಪಾದ ರಬ್ಬರಿನ ನಾಳ, ಅದರ ಮೇಲೆ ಜಡೆಯಂತೆ ಹೆಣೆದ ಉಕ್ಕಿನ ತಂತಿ, ಅದರ ಮೇಲೆ ಬಿಸಿಲು ಮಣ್ಣುಗಳನ್ನು ತಾಳುವ ಇನ್ನೊಂದು ಪದರ. ಒಳಗಿನ ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ ನೂರೈವತ್ತರಿಂದ ಇನ್ನೂರು ಕಿಲೋಗ್ರಾಂ; ಲಾರಿಯ ಗಾಲಿಯೊಳಗಿನ ಗಾಳಿಗಿಂತ ಇಪ್ಪತ್ತು ಪಟ್ಟು ಮೇಲೆ. ಈ ಹೋಸಿನ ತುದಿಗೆ ಲೋಹದ ಕೊನೆ, ಆ ಕೊನೆಯಲ್ಲಿ ತಿರುಪಿನ ಸುತ್ತುಗಳು, ಅಂದರೆ ಮೆಕ್ಯಾನಿಕ್ಕುಗಳು ಥ್ರೆಡ್ಡು ಎನ್ನುವಂಥವು. ಇಲ್ಲಿ ಮಾಡ್ಸ್‌ಲೆಯ ಶಿಷ್ಯ ವಿಟ್‌ವರ್ತ್ ಪ್ರವೇಶಿಸುತ್ತಾನೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಂದೊಂದು ಕಾರ್ಖಾನೆಗೂ ಒಂದೊಂದು ತಿರುಪು. ಒಬ್ಬನ ಬೋಲ್ಟು ಇನ್ನೊಬ್ಬನ ನಟ್ಟಿಗೆ ಕೂಡದು. ವಿಟ್‌ವರ್ತ್ ದೇಶದ ಹಲವು ಕಾರ್ಖಾನೆಗಳಿಂದ ತಿರುಪುಗಳನ್ನು ತರಿಸಿ, ಅವುಗಳ ಸರಾಸರಿ ನೋಡಿ, 1841ರಲ್ಲಿ ಒಂದು ಪದ್ಧತಿಯನ್ನು ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದಿಟ್ಟ. ಸುತ್ತಿನ ಎರಡು ಇಳಿಜಾರುಗಳ ನಡುವಣ ಕೋನ 55 ಡಿಗ್ರಿ. ಮೇಲೂ ಕೆಳಗೂ ದುಂಡು. ಇಂಗ್ಲೆಂಡು ಒಪ್ಪಿತು, ಅದರ ಹಿಂದೆ ನಮ್ಮ ದೇಶವೂ ಸೇರಿದಂತೆ ಅದರ ಸಾಮ್ರಾಜ್ಯವೆಲ್ಲ ಬಳಸಿತು. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ ಎದ್ದುನಿಂತು, ದುಂಡು ಮಾಡುವುದು ಕಷ್ಟ, ಐವತ್ತೈದನ್ನು ಅಳೆಯುವುದು ಇನ್ನೂ ಕಷ್ಟ. ಸಮಬಾಹು ತ್ರಿಕೋನದ 60 ಡಿಗ್ರಿ ಇರಲಿ, ತುದಿ ಚಪ್ಪಟೆಯಾಗಿರಲಿ ಎಂದು ವಾದಿಸಿದ. ಅಮೆರಿಕ ಅವನ ಮಾತನ್ನು ಹಿಡಿಯಿತು. ಶುದ್ಧ ತರ್ಕದಲ್ಲಿ ಸೆಲರ್ಸನ ಪಕ್ಷವೇ ಗಟ್ಟಿಯೆಂದು ನನಗೆ ತೋರುತ್ತದೆ. ಆದರೆ ಇಪ್ಪತ್ತಮೂರು ವರ್ಷ ತಡವಾಗಿ ಬಂದ ತರ್ಕ ಅದು.

ಐದು ಡಿಗ್ರಿಯ ಈ ಅಂತರಕ್ಕೆ ಎರಡನೆಯ ಮಹಾಯುದ್ಧದಲ್ಲಿ ಎರಡೂ ದೇಶಗಳು ಕಂದಾಯ ಕಟ್ಟಿದವು. ಒಂದೇ ಸೇನೆಯ ಯಂತ್ರಗಳಿಗೆ ಎರಡು ಬಗೆಯ ಬೋಲ್ಟುಗಳ ರಾಶಿಯನ್ನು ಹೊತ್ತುಕೊಂಡು ತಿರುಗಬೇಕಾಯಿತು. 1948ರ ನವೆಂಬರ್ 18ರಂದು ವಾಷಿಂಗ್ಟನ್ನಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾ ದೇಶಗಳು ಕುಳಿತು ಬೋಲ್ಟುಗಳಿಗೆ 60 ಡಿಗ್ರಿಯನ್ನು ಒಪ್ಪಿಕೊಂಡವು. ಕೊಳವೆಯ ತಿರುಪು ಮಾತ್ರ ಆ ಒಪ್ಪಂದದ ಹೊರಗೇ ಉಳಿಯಿತು. ಬ್ರಿಟಿಷ್ ಕೊಳವೆ ತಿರುಪು ಇಂದಿಗೂ 55, ಅಮೆರಿಕದ್ದು ಇಂದಿಗೂ 60.

ಹೊಲದ ಮಟ್ಟಿಗೆ ಇದರ ಪರಿಣಾಮ ಕೌತುಕದ್ದು. ಅರ್ಧ ಅಂಗುಲದ ಬ್ರಿಟಿಷ್ ಕೊಳವೆ ತಿರುಪಿನಲ್ಲಿ ಅಂಗುಲಕ್ಕೆ ಹದಿನಾಲ್ಕು ಸುತ್ತು; ಅಮೆರಿಕದ ಅರ್ಧ ಅಂಗುಲದಲ್ಲಿಯೂ ಹದಿನಾಲ್ಕೇ. (ಅರ್ಧ ಅಂಗುಲವೆಂಬ ಹೆಸರು ಹಳೆಯ ಕಬ್ಬಿಣದ ಕೊಳವೆಯ ಒಳಗಲದಿಂದ ಬಂದದ್ದು. ತಿರುಪನ್ನು ಹೊರಗಿನಿಂದ ಅಳೆದರೆ ಇಪ್ಪತ್ತೊಂದು ಮಿಲಿಮೀಟರಿನಷ್ಟಿರುತ್ತದೆ; ಅಳತೆಪಟ್ಟಿ ಹಿಡಿದವನಿಗೆ ಅರ್ಧ ಅಂಗುಲ ಎಲ್ಲಿಯೂ ಸಿಗುವುದಿಲ್ಲ.) ಆದುದರಿಂದ ಒಂದರೊಳಗೆ ಇನ್ನೊಂದನ್ನು ತಿರುಗಿಸಿದರೆ ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ. ಬಳಿಕ ಬಿಗಿಯುತ್ತದೆ. ಬಿಗಿಯಿತು, ಸರಿಯಾಯಿತು ಎಂದು ಮನುಷ್ಯ ತಿಳಿಯುತ್ತಾನೆ. ಒತ್ತಡ ಬಂದೊಡನೆ ಎಣ್ಣೆ ಜಿನುಗುತ್ತದೆ, ಇನ್ನಷ್ಟು ಬಿಗಿಯುತ್ತಾನೆ, ಬಿಳಿಯ ಟೇಪು ಸುತ್ತಿ ಮತ್ತೆ ಬಿಗಿಯುತ್ತಾನೆ, ಕೊನೆಗೆ ಎರಕದ ಕವಾಟದ ಬಾಯಿ ಸೀಳುತ್ತದೆ. ಬಿಗಿದಷ್ಟೂ ಸೋರುವ ಕೀಲನ್ನು ಕಂಡರೆ ಸ್ಪ್ಯಾನರನ್ನು ಕೆಳಗಿಡಬೇಕು. ಅಲ್ಲಿ ಜಗಳವಾಡುತ್ತಿರುವವರು ವಿಟ್‌ವರ್ತ್ ಮತ್ತು ಸೆಲರ್ಸ್. ಇಂಥದೇ ಇನ್ನೊಂದು ಜೋಡಿ, ಮುಖಕ್ಕೆ ಮುಖ ಕೂಡುವ ಶಂಕುವಿನ ಕೊನೆಗಳದು: ವಿಮಾನಗಳ ಕಡೆಯಿಂದ ಬಂದದ್ದಕ್ಕೆ 37 ಡಿಗ್ರಿ, ಮೋಟಾರುಗಳ ಕಡೆಯಿಂದ ಬಂದದ್ದಕ್ಕೆ 45. ಕಣ್ಣಿಗೆ ವ್ಯತ್ಯಾಸ ಕಾಣದು, ಎಣ್ಣೆಗೆ ಕಾಣುತ್ತದೆ.

ತೊಗಲಿನ ಉಂಗುರದ ಜಾಗಕ್ಕೆ ರಬ್ಬರಿನ ಉಂಗುರ ಬಂದ ಕಥೆ ಇನ್ನೊಂದು. ಡೆನ್ಮಾರ್ಕಿನಲ್ಲಿ 1865ರಲ್ಲಿ ಹುಟ್ಟಿ 1891ರಲ್ಲಿ ಅಮೆರಿಕಕ್ಕೆ ಹೋದ ನೀಲ್ಸ್ ಕ್ರಿಸ್ಟೆನ್‌ಸೆನ್, ಗಾಳಿಯ ಬ್ರೇಕುಗಳ ಮೇಲೆ ಜೀವಮಾನ ಸವೆಸಿದವನು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಸಣ್ಣ ವಸ್ತುವಿಗೆ ಪೇಟೆಂಟು ಕೇಳಿದ. ದುಂಡನೆಯ ರಬ್ಬರಿನ ಬಳೆ. ಅದನ್ನು ಕೂಡಿಸಲು ಅದರ ದಪ್ಪದ ಒಂದೂವರೆ ಪಟ್ಟು ಅಗಲದ ಗಾಡಿ. ಜಾಣತನವಿದ್ದದ್ದು ಬಳೆಯಲ್ಲಿ ಅಷ್ಟಲ್ಲ, ಆ ಗಾಡಿಯ ಅಳತೆಯಲ್ಲಿ. ಒತ್ತಡ ಬಂದೊಡನೆ ಬಳೆ ಗಾಡಿಯ ಒಂದು ಬದಿಗೆ ಹೊರಳಿ, ಅದುಮಿಕೊಂಡು, ಸಂದನ್ನು ಮುಚ್ಚುತ್ತದೆ. ಬ್ರಾಮಾನ ತೊಗಲು ಮಾಡುತ್ತಿದ್ದ ಕೆಲಸವೇ. 1939ರಲ್ಲಿ ಪೇಟೆಂಟು ಸಿಕ್ಕಿತು. ವಿಮಾನಗಳಲ್ಲಿ ಪರೀಕ್ಷೆಯಾಗಿ, ಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ಅದನ್ನು ಅತ್ಯಗತ್ಯ ವಸ್ತುವೆಂದು ತನ್ನ ವಶಕ್ಕೆ ತೆಗೆದುಕೊಂಡು ಎಲ್ಲ ತಯಾರಕರಿಗೂ ಹಂಚಿತು. ಕ್ರಿಸ್ಟೆನ್‌ಸೆನ್ನನಿಗೆ ಸಂದದ್ದು ಒಂದೇ ಗಂಟಿನಲ್ಲಿ 75,000 ಡಾಲರು. 1952ರಲ್ಲಿ ಆತ ತೀರಿಕೊಂಡ. ನ್ಯಾಯಾಲಯದ ಹೋರಾಟ ಮುಗಿದು ಅವನ ವಾರಸುದಾರರಿಗೆ ಇನ್ನೊಂದು ಲಕ್ಷ ಡಾಲರು ಬಂದದ್ದು 1971ರಲ್ಲಿ. ಮೂವತ್ತು ಷಿಲಿಂಗಿನ ಮಾಡ್ಸ್‌ಲೆಯನ್ನು ನೆನೆದರೆ ಇದೂ ಒಂದು ಭಾಗ್ಯವೇ. ನಮ್ಮ ಅಂಗಡಿಗಳಲ್ಲಿ ಓ-ರಿಂಗ್ ಎಂದು ಕೆಲವೇ ರೂಪಾಯಿಗೆ ಮಾರುವುದು ಈ ಬಳೆಯನ್ನೇ.

ಇನ್ನು ಕಪ್ಲಿಂಗು. ಟ್ರಾಕ್ಟರಿನ ಕಡೆಯದು ಹೆಣ್ಣು, ಹೋಸಿನ ಕಡೆಯದು ಗಂಡು. ಎರಡರ ಒಳಗೂ ಸ್ಪ್ರಿಂಗಿನ ಮೇಲೆ ಕೂತ ಒಂದೊಂದು ಕವಾಟ. ಬೇರೆಯಾಗಿರುವಾಗ ಎರಡೂ ಮುಚ್ಚಿರುತ್ತವೆ, ಕೂಡಿದಾಗ ಮೂಗಿಗೆ ಮೂಗು ತಾಗಿ ಎರಡೂ ತೆರೆಯುತ್ತವೆ. ಸುತ್ತಲೂ ಉಕ್ಕಿನ ಗುಂಡುಗಳ ಸಾಲು ಗಂಡಿನ ಕೊರಳಿನ ತಗ್ಗಿಗೆ ಇಳಿದು ಬೀಗ ಹಾಕುತ್ತದೆ. ಮೊದಮೊದಲು ಒಂದೊಂದು ಕಂಪನಿಯದೂ ಒಂದೊಂದು ರೂಪ. ಒಬ್ಬನ ಟ್ರಾಕ್ಟರಿಗೆ ನೆರೆಯವನ ಯಂತ್ರ ತಗುಲದು. ವಿಟ್‌ವರ್ತ್‌ಗಿಂತ ಹಿಂದಿನ ಇಂಗ್ಲೆಂಡು ಮರಳಿ ಬಂದಂತೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಕೃಷಿ ಟ್ರಾಕ್ಟರುಗಳಿಗಾಗಿಯೇ 5675 ಎಂಬ ಸಂಖ್ಯೆಯ ಮಾನಕವನ್ನು ಹೊರಡಿಸಿ ಒಂದು ರೂಪವನ್ನು ಗೊತ್ತುಮಾಡಿತು.

ರೂಪ ಒಂದಾದರೂ ತೊಂದರೆ ತೀರಲಿಲ್ಲ. ಬೆಳಗ್ಗೆ ಕಳಚಿಟ್ಟ ಹೋಸು ಮಧ್ಯಾಹ್ನ ಕೂಡುವುದಿಲ್ಲವೆಂಬುದು ಚಾಲಕರ ನಿತ್ಯದ ದೂರು. ಕಾರಣ ಸೂರ್ಯ. ಹೋಸಿನೊಳಗೆ ಸಿಕ್ಕಿಬಿದ್ದ ಎಣ್ಣೆ ಬಿಸಿಲಿಗೆ ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲ. ಉಕ್ಕಿನ ಗಟ್ಟಿ ಕೊಳವೆಯಲ್ಲಾದರೆ ಒಂದೊಂದು ಡಿಗ್ರಿ ಕಾವಿಗೆ ಹತ್ತು ವಾಯುಭಾರದಷ್ಟು ಒತ್ತಡ ಏರುವುದುಂಟು. ರಬ್ಬರು ತುಸು ಹಿಗ್ಗುವುದರಿಂದ ಇಲ್ಲಿ ಅದಕ್ಕಿಂತ ಕಡಮೆ. ಐವತ್ತು ವಾಯುಭಾರ ಕೂಡಿದರೂ ಒಂದು ಚದರ ಸೆಂಟಿಮೀಟರಿನ ಕವಾಟವನ್ನು ಒಳಕ್ಕೆ ನೂಕಲು ಐವತ್ತು ಕಿಲೋಗ್ರಾಂ ಬಲ ಬೇಕು. ಆಗ ಸುತ್ತಿಗೆ ಹೊರಬರುತ್ತದೆ. ಸುತ್ತಿಗೆಯ ಏಟಿಗೆ ಗಂಡಿನ ಮೂಗು ಚಪ್ಪಟೆಯಾಗಿ, ಆ ಒರಟು ಅಂಚು ಹೆಣ್ಣಿನೊಳಗಿನ ಓ-ರಿಂಗನ್ನು ಕತ್ತರಿಸಿ, ಮರುದಿನದಿಂದ ಸೋರಿಕೆ ಆರಂಭವಾಗುತ್ತದೆ. ಮದ್ದು ಕಳಚುವಾಗಲೇ ಇದೆ: ಯಂತ್ರವನ್ನು ನೆಲಕ್ಕಿಳಿಸಿ, ಎಂಜಿನ್ನು ನಿಲ್ಲಿಸಿ, ಕವಾಟದ ಹಿಡಿಯನ್ನು ಎರಡೂ ಕಡೆಗೆ ಆಡಿಸಿ ಒತ್ತಡವನ್ನು ತೊಟ್ಟಿಗೆ ಬಿಟ್ಟು, ಆಮೇಲೆ ಕಳಚುವುದು, ಹೋಸನ್ನು ನೆರಳಿನಲ್ಲಿಡುವುದು, ತುದಿಗೆ ಮುಚ್ಚಳ ಹಾಕುವುದು. ಮುಚ್ಚಳ ಕಳೆದುಹೋಗದ ಟ್ರಾಕ್ಟರು ಅಪರೂಪ. ಧೂಳಿನ ಒಂದು ಕಣ ಕವಾಟದ ತುಟಿಯ ಮೇಲೆ ಕೂತರೆ ಸಾಕು, ಅದು ಪೂರ್ತಿ ಮುಚ್ಚುವುದಿಲ್ಲ. ನಾಲ್ಕಾರು ಟ್ರಾಕ್ಟರುಗಳ ನಡುವೆ ಬಾಡಿಗೆಗೆ ತಿರುಗುವ ಯಂತ್ರವಾದರೆ ಒಂದರ ಕೊಳೆಯೆಣ್ಣೆ ಎಲ್ಲವುಗಳ ಹೊಟ್ಟೆಗೂ ಇಳಿಯುತ್ತದೆ.

ಏರಿದ ಟ್ರೇಲರು ಇಳಿಯದೆ ನಿಲ್ಲುವುದಕ್ಕೆ ಹೆಚ್ಚಿನ ಪಾಲು ಕಾರಣ ಕಪ್ಲಿಂಗು ಅರ್ಧ ಕೂಡಿರುವುದು. ಟ್ರಾಕ್ಟರಿನಿಂದ ನುಗ್ಗುವ ಎಣ್ಣೆ ಗಂಡಿನೊಳಗಿನ ಕವಾಟವನ್ನು ತಾನೇ ತಳ್ಳಿಕೊಂಡು ಒಳಹೋಗುತ್ತದೆ, ತೊಟ್ಟಿ ಏರುತ್ತದೆ. ಮರಳಿ ಬರುವಾಗ ಅದೇ ಎಣ್ಣೆಯ ನೂಕು ಅದೇ ಕವಾಟವನ್ನು ಮುಚ್ಚುತ್ತದೆ. ಹೋಗಲು ಬಾಗಿಲುಂಟು, ಬರಲು ಇಲ್ಲ. ಬೇಸತ್ತವನು ಹೋಸಿನ ನಟ್ಟನ್ನೇ ಸಡಿಲಿಸಹೊರಟರೆ ತೊಟ್ಟಿ ಒಮ್ಮೆಗೇ ಕೆಳಗೆ ಬೀಳುತ್ತದೆ. ಮೊದಲು ತೊಲೆ, ಸ್ಟೀಫನ್‌ಸನ್ನನ ಇಟ್ಟಿಗೆ. ಉಳಿದದ್ದು ಪಳಗಿದ ಕೈಯ ಕೆಲಸ.

ಸೋರಿಕೆಯ ಜಾಗವನ್ನು ಬೆರಳಿನಿಂದ ಹುಡುಕುವ ರೂಢಿಯ ಬಗ್ಗೆ ಒಂದು ಮಾತು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆಯೇ ಚರ್ಮವನ್ನು ಭೇದಿಸಿ ಒಳಸೇರುತ್ತದೆ. ಹೊರಗೆ ಇರುವೆ ಕಚ್ಚಿದಷ್ಟು ಗುರುತು, ಮೊದಲು ನೋವೂ ಹೆಚ್ಚಿಲ್ಲ. ಕೆಲವು ಗಂಟೆಗಳಲ್ಲಿ ಕೈ ಊದಿ, ಒಳಗಿನ ಮಾಂಸ ಕೊಳೆಯಲು ತೊಡಗುತ್ತದೆ. ತಡವಾದರೆ ಬೆರಳನ್ನೋ ಕೈಯನ್ನೋ ತೆಗೆಯಬೇಕಾಗುತ್ತದೆ. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ನೋಡಬೇಕು. ಎಣ್ಣೆ ಚುಚ್ಚಿರಬಹುದೆಂಬ ಅನುಮಾನ ಬಂದರೂ ಸಾಕು, ನೋವಿಗೆ ಕಾಯದೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಕೂಡಲೇ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ಗಾಯವನ್ನು ನೋಡಿದರೆ ಅದು ತಿಳಿಯುವುದಿಲ್ಲ.

ಹೋಸು ಹೋದರೆ ಹೊಸದನ್ನು ಮಾಡಿಕೊಡುವ ಅಂಗಡಿಗಳು ಈಗ ನಮ್ಮ ತಾಲ್ಲೂಕು ಪಟ್ಟಣಗಳಲ್ಲಿಯೂ ಉಂಟು. ಅಲ್ಲಿಗೆ ಹೋಗುವವರು ಅರ್ಧ ಅಂಗುಲವೆಂದು ಬಾಯಲ್ಲಿ ಹೇಳದೆ ಹಳೆಯ ಹೋಸನ್ನು ಎರಡು ಕೊನೆಗಳ ಸಹಿತ ಕೈಯಲ್ಲಿ ಹಿಡಿದೇ ಹೋಗುವುದು ಲೇಸು. ಅಂಗಡಿಯವನು ಹಲ್ಲುಹಲ್ಲಾದ ಒಂದು ತಗಡನ್ನು ತಿರುಪಿಗೆ ಒತ್ತಿ ಬೆಳಕಿಗೆ ಹಿಡಿದು 55ಓ 60ಓ ಎಂದು ನೋಡುತ್ತಾನೆ. ಬಳಿಕ ಹೋಸಿನ ತುದಿಗೆ ಉಕ್ಕಿನ ಕೊನೆಯನ್ನು ತೊಡಿಸಿ, ಸುತ್ತಲೂ ಎಂಟು ದವಡೆಗಳಿರುವ ಒಂದು ಯಂತ್ರದೊಳಗೆ ಇಟ್ಟು ಗುಂಡಿಯನ್ನು ಅದುಮುತ್ತಾನೆ. ದವಡೆಗಳು ಮುಚ್ಚಿಕೊಂಡು ಉಕ್ಕನ್ನು ರಬ್ಬರಿನ ಮೇಲೆ ಕಚ್ಚಿಸುತ್ತವೆ. ಆ ದವಡೆಗಳನ್ನು ನೂಕುವುದು ಎಣ್ಣೆ. ಯಂತ್ರ ಬ್ರಾಮಾನ ಒತ್ತುಯಂತ್ರದ ಜಾತಿಯದೇ.